ಮ್ಯಾಂಚೆಸ್ಟರ್ ಮನೆಗೆ ದಾವಣಗೆರೆ ಸಲಹೆ

ಏಪ್ರಿಲ್ ತಿಂಗಳ ಸಂಜೆ. ರಾಮ್ ಅಂಡ್ ಕೋ ಸರ್ಕಲ್ ಹತ್ತಿರ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಬೆವರು ಒರೆಸಿಕೊಳ್ಳುತ್ತಿದ್ದೆವು. ಆಗ ಮಂಡಕ್ಕಿ ಭಟ್ಟಿ ಸಾವ್ಕಾರ್ರು, "ಇಡೀ ಮನೆ ಬಿಸಿ ಮಾಡೋಕೆ ಯಾವ ಮಿಷನ್ ಒಳ್ಳೇದು?" ಎಂದರು. ಸೋಲಾರ್ ಅಂಗಡಿಯವನಿಗೆ ಮಿರ್ಚಿ ನೆತ್ತಿಗೇರಿತು.

"ನಮ್ಮನೆ ಅಲ್ಲಪ್ಪ, ಮಗಳ ಮನೆ!"

ಮಗಳು ಇರುವುದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮೂರನ್ನೂ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಈಕೆ ಅಸಲಿಯಲ್ಲೇ ಮನೆ ಕೊಂಡಿದ್ದಾಳೆ. ಅಲ್ಲಿ ಗ್ಯಾಸ್ ಬಾಯ್ಲರ್ ನೀರು ಕಾಯಿಸುತ್ತದೆ. ಆ ನೀರು ಪೈಪಿನಲ್ಲಿ ಎಲ್ಲ ಕೋಣೆ ಸುತ್ತಿ, ಗೋಡೆ ಬದಿಯ ರೇಡಿಯೇಟರು ಎಂಬ ಲೋಹದ ಹಲಗೆಗಳನ್ನು ಬಿಸಿ ಮಾಡುತ್ತದೆ. ಬಾಯ್ಲರ್‌ಗೆ ವಯಸ್ಸಾಗಿದೆ. ಮಗಳಿಗೆ ಇನ್ನು ಗ್ಯಾಸ್ ಬೇಡ.

"ಸೋಲಾರ್ ಹಾಕಿಸಲಿ, ನಾನೇ ಕಳಿಸ್ತೀನಿ."

"ಡಿಸೆಂಬರ್‌ನಲ್ಲಿ ಅಲ್ಲಿ ಹಗಲು ಏಳೂವರೆ ಗಂಟೆ. ಅದರಲ್ಲೂ ಮೋಡ," ಎಂದರು ವಿಜ್ಞಾನದ ಮೇಷ್ಟ್ರು. "ಚಳಿ ಇದ್ದಾಗ ಬಿಸಿಲಿಲ್ಲ, ಬಿಸಿಲಿದ್ದಾಗ ಚಳಿ ಇಲ್ಲ. ಬೇಸಿಗೆಯಲ್ಲಿ ಸ್ನಾನದ ನೀರಿಗೆ ಆದೀತು."

ಚಿತ್ರದುರ್ಗದ ಜೋಗಿಮಟ್ಟಿ ಕಡೆ ಇರುವಂಥ ಗಾಳಿಯಂತ್ರ ನೆಡಲಿ ಎಂದೆ ನಾನು. ಆ ಹಿತ್ತಲಲ್ಲಿ ಬಟ್ಟೆ ಹರವೋಕೂ ಜಾಗ ಇಲ್ಲವಂತೆ. ಸುಮ್ಮನಾದೆ.

"ನಮ್ಮ ಭಟ್ಟಿ ಥರ ಭತ್ತದ ಹೊಟ್ಟು ಉರಿಸಿದ್ರೆ?" ಸಾವ್ಕಾರ್ರ ಕಣ್ಣು ಅರಳಿತು. ಅಲ್ಲಿ ಮರದ ಪುಡಿ ಒತ್ತಿ ಮಾಡಿದ ಗುಳಿಗೆ ಉರಿಸುವ ಬಾಯ್ಲರ್ ಇದೆ. ಸರ್ಕಾರ 5,000 ಪೌಂಡ್ ಕೊಡುತ್ತದೆ. ಆದರೆ ಗ್ಯಾಸ್ ಲೈನ್ ಇಲ್ಲದ ಹಳ್ಳಿ ಮನೆಗೆ ಮಾತ್ರ.

"ಇನ್ನೊಂದಿದೆ, ಬೋರ್ ಕೊರೆಸೋದು," ಎಂದರು ಮೇಷ್ಟ್ರು. "ಮುನ್ನೂರು ಅಡಿ ಆಸುಪಾಸು. ಕೆಳಗೆ ಮಣ್ಣು ಚಳಿಗಾಲದಲ್ಲೂ ಸುಮಾರು 10 ಡಿಗ್ರಿ ಇರುತ್ತೆ. ಪೈಪ್ ಇಳಿಸಿ ಆ ಶಾಖ ಎಳೀತಾರೆ."

"ನೀರು?"

"ನೀರು ಬೇಡ."

ಸಾವ್ಕಾರ್ರು ಮಿರ್ಚಿ ಕೆಳಗಿಟ್ಟರು. ತೋಟದಲ್ಲಿ ಆರುನೂರು ಅಡಿಗೂ ಬರೀ ಧೂಳು ಕಂಡ ಮನುಷ್ಯ. ನೀರು ಬೇಡದೆ ಬೋರ್ ಕೊರೆಸುವವರೂ ಇದ್ದಾರೆ ಅಂದರೆ ಹೊಟ್ಟೆ ಉರಿಯಲ್ವಾ?

ಆದರೆ ಆ ಇಕ್ಕಟ್ಟು ಹಿತ್ತಲಲ್ಲಿ ಬೋರ್ ಯಂತ್ರ ನಿಲ್ಲಿಸೋಕೂ ಜಾಗ ಇರಲಿಕ್ಕಿಲ್ಲ. ಕೊನೆಗೆ ಉಳಿದದ್ದು ಗಾಳಿಯಿಂದ ಶಾಖ ಎಳೆಯುವ ಹೀಟ್ ಪಂಪ್. ತಿರುಗಿಸಿಟ್ಟ ಫ್ರಿಜ್ ಅನ್ನಿ: ಹೊರಗಿನ ತಣ್ಣನೆ ಗಾಳಿಯಲ್ಲಿರುವ ಶಾಖವನ್ನೇ ಹೀರಿ ಒಳಗೆ ತಳ್ಳುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ. ಇದಕ್ಕೆ 7,500 ಪೌಂಡ್ ಸಹಾಯಧನ.

"ಒಂದಕ್ಕೆ ಮೂರು! ಇದೇ ಹಾಕಿಸಲಿ."

"ಅಲ್ಲಿ ಯೂನಿಟ್ ಕರೆಂಟಿನ ದರ ಗ್ಯಾಸಿನ ಸುಮಾರು ನಾಲ್ಕು ಪಟ್ಟು," ಎಂದರು ಮೇಷ್ಟ್ರು.

ಸಾವ್ಕಾರ್ರಿಗೆ ಕ್ಯಾಲ್ಕುಲೇಟರ್ ಬೇಕಾಗಲಿಲ್ಲ. "ಮೂರು ಪಟ್ಟು ಮಾಲು, ನಾಲ್ಕು ಪಟ್ಟು ರೇಟು. ಲಾಸು!"

"ಮೂರನ್ನು ನಾಲ್ಕು ಮಾಡಬಹುದು. ನೀರು ಎಪ್ಪತ್ತು ಡಿಗ್ರಿ ಕಾಯಬೇಕಾದರೆ ಪಂಪ್ ಏದುಸಿರು ಬಿಡುತ್ತೆ. ನಲವತ್ತು ಸಾಕು ಅಂದರೆ ಆರಾಮ. ಅದಕ್ಕೆ ರೇಡಿಯೇಟರ್ ದೊಡ್ಡದಿರಬೇಕು, ಮನೆಯ ಶಾಖ ಸೋರಬಾರದು. ಮೊದಲು ಅಟ್ಟ, ಗೋಡೆ, ಕಿಟಕಿ ಸಂದಿ ಸರಿ ಮಾಡಿಸಲಿ. ಮಿಷನ್ ಆಮೇಲೆ."

ನನಗೂ ಅದೇ ಸರಿ ಅನ್ನಿಸಿತು. ತಳ ತೂತಾದ ಹಂಡೆಗೆ ಯಾವ ಸೌದೆ ಹಾಕಿ ಏನು?

"ಅಟ್ಟಕ್ಕೆ ಏನು ಹಾಸ್ತಾರೆ?"

"ಗಾಜಿನ ಉಣ್ಣೆ. ಕೆಲವರು ಕುರಿ ಉಣ್ಣೇನೂ ಹಾಸ್ತಾರೆ. 270 ಮಿಲಿಮೀಟರ್, ಅಂದರೆ ಒಂದು ಗೇಣಿಗೂ ಜಾಸ್ತಿ ದಪ್ಪ."

ಕುರಿ ಅಂದ ಕೂಡಲೇ ಸಾವ್ಕಾರ್ರು ಫೋನ್ ತೆಗೆದರು. ಚಳ್ಳಕೆರೆಯ ಕಂಬಳಿ ವ್ಯಾಪಾರಿಗೆ.

"ಯಜಮಾನ್ರೇ, ಒಂದರ ಮೇಲೊಂದು ಪೇರಿಸಿದ್ರೆ ಗೇಣು ದಪ್ಪಕ್ಕೆ ಎಷ್ಟು ಕಂಬಳಿ ಬೇಕು? ಹ್ಞೂಂ... ಇಲ್ಲ, ಹಾಸಿಗೆಗಲ್ಲ. ಇಡೀ ಅಟ್ಟಕ್ಕೆ. ಹೋಲ್‌ಸೇಲ್ ರೇಟ್ ಹೇಳಿ."