ಪದ ಬೇಕು: 'ಅನ್‌ಡೆಡ್'ಗೆ ಕನ್ನಡದಲ್ಲಿ ಏನನ್ನೋಣ? (ಡ್ರಾಕುಲಾ, 1931)

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕಿದೆ. ಈ ಶನಿವಾರ ನಮ್ಮ ಕೂಟದಲ್ಲಿ ಟಾಡ್ ಬ್ರೌನಿಂಗ್ ನಿರ್ದೇಶನದ 'ಡ್ರಾಕುಲಾ' ತೋರಿಸುತ್ತಿದ್ದೇವೆ. ನೋಡಿದವರ ಅನಿಸಿಕೆಗಳನ್ನು ಕನ್ನಡಕ್ಕೆ ತಂದು ಒಂದು ಕರಪತ್ರ ಮಾಡುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

ಜಾಸ್ತಿ ಜನರ ದೂರು ಒಂದೇ: ಡ್ರಾಕುಲಾನ ಕೋಟೆ ಬಿಟ್ಟು ಲಂಡನ್‌ಗೆ ಬಂದ ಮೇಲೆ ಕತೆ ಕೋಣೆಯೊಳಗೆ ಮಾತಾಡುತ್ತಾ ಕೂರುತ್ತದೆ, ನಾಟಕದ ಹಾಗೆ. ಹಿನ್ನೆಲೆ ಸಂಗೀತ ಇಲ್ಲದ ಆ ಮೌನವೇ ಹೆದರಿಸುತ್ತದೆ ಅನ್ನುವವರೂ ಇದ್ದಾರೆ. ರಾತ್ರಿ ಪಾಳಿಯಲ್ಲಿ ಅದೇ ಸೆಟ್ಟಿನಲ್ಲಿ ತೆಗೆದ ಇದೇ ಕತೆಯ ಸ್ಪ್ಯಾನಿಷ್ ಚಿತ್ರದಲ್ಲಿ ಕ್ಯಾಮೆರಾ ಚೆನ್ನಾಗಿ ಓಡಾಡುತ್ತದೆ, ಆದರೆ ನಮ್ಮ ಚಿತ್ರದ ಡ್ರಾಕುಲಾ, ನಟ ಬೆಲಾ ಲುಗೋಸಿ, ಅಲ್ಲಿ ಇಲ್ಲ ಅಂತ ಕೆಲವರು. ಇಷ್ಟನ್ನು ಬರೆದಾಯಿತು. ಸಿಕ್ಕಿಕೊಂಡಿರುವುದು ಒಂದೇ ಪದದಲ್ಲಿ. ಲುಗೋಸಿಯನ್ನು ಮೆಚ್ಚಿದವರು ಅವನ ಪಾತ್ರವನ್ನು 'ಅನ್‌ಡೆಡ್' ಅನ್ನುತ್ತಾರೆ, ಸತ್ತ ಮೇಲೂ ಎದ್ದು ಓಡಾಡುವವನು ಅನ್ನುವ ಅರ್ಥದಲ್ಲಿ. 'ದೆವ್ವ' ಅಂತ ಹಾಕಿದರೆ ಮಾತೇ ಕೆಡುತ್ತದೆ. ದೆವ್ವಕ್ಕೆ ಮೈ ಇಲ್ಲ. ಇವನಿಗೆ ಮೈ ಇದೆ, ಒಳ್ಳೆ ಉಡುಪಿದೆ, ಮೆಟ್ಟಿಲ ಮೇಲೆ ನಿಂತು ಅತಿಥಿಯನ್ನು ಬರಮಾಡಿಕೊಳ್ಳುತ್ತಾನೆ. ಜೊತೆಗೆ ಡ್ರಾಕುಲಾನ ಬೆನ್ನು ಹತ್ತುವ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಒಂದೇ ಮಾತಿನಲ್ಲಿ ನೊಸ್ಫೆರಾಟು, ಅನ್‌ಡೆಡ್, ವ್ಯಾಂಪೈರ್ (ನೆತ್ತರು ಕುಡಿಯುವ ಹೆಣ) ಅಂತ ಒಬ್ಬನಿಗೇ ಮೂರು ಹೆಸರನ್ನೂ ಹೇಳುತ್ತಾನೆ. ಮೂರಕ್ಕೂ 'ಪಿಶಾಚಿ' ಅನ್ನಲಾಗದು, ಅಲ್ವಾ?

ಉತ್ತರ:
ಬೇತಾಳ. ಇದರಲ್ಲಿ ಚರ್ಚೆಗೆ ಏನಿದೆ? ಹೆಣದೊಳಗೆ ಹೊಕ್ಕು ಮಾತಾಡುವುದು ಬೇತಾಳವೇ. ರಿಚರ್ಡ್ ಬರ್ಟನ್ 1870ರಲ್ಲಿ ನಮ್ಮ ವಿಕ್ರಮ-ಬೇತಾಳದ ಕತೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳಕ್ಕೆ 'ವ್ಯಾಂಪೈರ್' ಅಂತಲೇ ಬರೆದ. ಈ ಚಿತ್ರದ ಮೂಲ, ಬ್ರಾಮ್ ಸ್ಟೋಕರನ 'ಡ್ರಾಕುಲಾ' ಕಾದಂಬರಿ ಬಂದದ್ದು 1897ರಲ್ಲಿ. ಅವರು ನಮ್ಮ ಬೇತಾಳವನ್ನು ಗುರುತಿಸಿದರು, ನಾವು ಅವರ ಪದಕ್ಕೆ ಕೈ ಒಡ್ಡುತ್ತೇವೆ. ವೇತಾಳದಿಂದ ಬಂದ ತದ್ಭವ, ನಾಲಿಗೆಗೂ ಹಗುರ. ಹಾಕಿಬಿಡಿ.

ಉತ್ತರ:
ಒಪ್ಪಲ್ಲ. ಬೇತಾಳ ಇನ್ನೊಬ್ಬರ ಹೆಣದಲ್ಲಿ ಇರುತ್ತದೆ. ಡ್ರಾಕುಲಾ ತನ್ನ ಮೈಯಲ್ಲೇ ಇದ್ದಾನೆ. ಬರ್ಟನ್ ತಪ್ಪಿದ ಅಂತ ನಾವೂ ತಪ್ಪಬೇಕೇ? ಕರಪತ್ರ ಓದುವವರಿಗೆ ಬೇತಾಳ ಅಂದರೆ ರಾಜನ ಬೆನ್ನೇರಿ ಒಗಟು ಹಾಕುವವನೇ ನೆನಪಾಗುತ್ತಾನೆ.
ಕನ್ನಡದ ಬೇರಿನಿಂದಲೇ ಕಟ್ಟಿ: 'ನೆತ್ತರುಗುಡಿಕ'. ರಕ್ತವೂ ಬೇಡ, ಪಿಪಾಸುವೂ ಬೇಡ. ಸಂಸ್ಕೃತದ ಮೇಲೆ ಒರಗಿ ಒರಗಿ, ನಾವೇ ಪದ ಕಟ್ಟುವ ಅಭ್ಯಾಸ ತಪ್ಪಿಹೋಗಿದೆ.

ಉತ್ತರ:
ಕೇಳಿದ್ದು 'ಅನ್‌ಡೆಡ್'ಗೆ. ನೀವು ಕೊಟ್ಟಿದ್ದು ವ್ಯಾಂಪೈರ್‌ಗೆ. ಪ್ರಶ್ನೆ ಓದಿ ಉತ್ತರ ಕೊಡಿ. ಈ ಚಿತ್ರದಲ್ಲಿ ಲುಗೋಸಿ ಒಂದು ಸಲವೂ ಕೋರೆಹಲ್ಲು ತೋರಿಸುವುದಿಲ್ಲ. ಅದು ಕ್ರಿಸ್ಟೋಫರ್ ಲೀ ಡ್ರಾಕುಲಾ ಆದ 1958ರ ಚಿತ್ರದಲ್ಲಿ. ಇಲ್ಲಿನ ಭಯ ಕುಡಿಯುವುದರಲ್ಲಿ ಇಲ್ಲ, ಸಾವು ಮುಗಿಯದೇ ಇರುವುದರಲ್ಲಿದೆ. ಸ್ಟೋಕರ್ ಹಸ್ತಪ್ರತಿಗೆ ಮೊದಲು ಇಟ್ಟಿದ್ದ ಹೆಸರೇ 'ದಿ ಅನ್‌ಡೆಡ್'.
ಸಂಸ್ಕೃತದವರಿಗೂ ಒಂದು ಮಾತು. ಅನ್ ಅಂದರೆ ಅ, ಡೆಡ್ ಅಂದರೆ ಮೃತ. ಎರಡನ್ನೂ ಕೂಡಿಸಿದರೆ 'ಅಮೃತ' ಆಗುತ್ತದೆ! ಪದಕ್ಕೆ ಪದ ಇಟ್ಟರೆ ಹೀಗೇ. 'ಸಾಯದವನು' ಅಂದರೂ ದೇವರಾಗಿಬಿಡುತ್ತಾನೆ. ಆ 'ಊ' ಸೇರಿಸಿ: ಸತ್ತೂ ಸಾಯದವನು. ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ.

ಉತ್ತರ:
ವ್ಯಾಂಪೈರ್ ಅಂತಲೇ ಬರೆದರೆ ಏನು ಕಳೆದುಹೋಗುತ್ತದೆ? ಅದು ಇಂಗ್ಲಿಷಿನ ಪದವೇ ಅಲ್ಲ. 1732ರ ಸುಮಾರಿಗೆ ಸರ್ಬಿಯಾದ ಹಳ್ಳಿಗಳಲ್ಲಿ ಹೆಣ ಎದ್ದು ಬರುತ್ತದೆ ಅಂತ ಗುಲ್ಲೆದ್ದು, ಆ ವರದಿಗಳ ಜೊತೆ ಯುರೋಪಿಗೆಲ್ಲ ಹಬ್ಬಿತು. ಅವರು ಸಾಲ ತಂದರು, ಅವರ ಭಾಷೆ ಬಡವಾಗಲಿಲ್ಲ. ಕುರ್ಚಿ, ಮೇಜು, ಸಾಬೂನು ನಾವೂ ತಂದವೇ. ಲಾಹೋರಿನವರು 1967ರಲ್ಲಿ ಇದೇ ಕತೆ ತೆಗೆದಾಗ 'ಜಿಂದಾ ಲಾಶ್' ಅಂದರು, ಬದುಕಿರುವ ಹೆಣ. ತಮ್ಮ ಮಾತು ಸಿಕ್ಕಿದ ಕಡೆ ತಮ್ಮದೇ ಬಳಸಿದರು. ಸಿಗದ ಕಡೆ ತರೋಣ. ಇದಕ್ಕೆ ನೆತ್ತರು ಕುದಿಸಿಕೊಳ್ಳುವುದು ಯಾಕೆ?

ಉತ್ತರ:
ಕುರ್ಚಿ ಬಂದದ್ದು ಕುರ್ಚಿಯ ಜೊತೆ. ಸಾವು, ಹೆಣ, ನೆತ್ತರು ನಮ್ಮಲ್ಲಿ ಇರಲಿಲ್ಲವೇ? ಈ ಹೋಲಿಕೆ ನಿಲ್ಲುವುದಿಲ್ಲ. ಇನ್ನು ನಾನು ಬರೆಯುವುದಿಲ್ಲ.

ಕೇಳಿದವರಿಂದ:
'ಸತ್ತೂ ಸಾಯದವನು' ತುಂಬಾ ಹಿಡಿಸಿತು. ಅನಿಸಿಕೆಗಳಲ್ಲಿ ಅದನ್ನೇ ಹಾಕುತ್ತೇನೆ. ವ್ಯಾಂಪೈರ್, ನೊಸ್ಫೆರಾಟು ಎರಡನ್ನೂ ಹಾಗೇ ಬಿಡುತ್ತೇನೆ. ನೆತ್ತರುಗುಡಿಕ ಚೆನ್ನಾಗಿದೆ ಸಾರ್, ಬೇಜಾರಾಗಬೇಡಿ, ಲೀ ಚಿತ್ರ ತೋರಿಸುವಾಗ ಖಂಡಿತ ಬಳಸುತ್ತೇನೆ. ಒಂದೇ ಅನುಮಾನ: ಕೋಟೆಯಲ್ಲಿ ಮೂವರು ಹೆಂಗಸರೂ ಇದ್ದಾರಲ್ಲ?

ಉತ್ತರ:
ಅವರು ಸತ್ತೂ ಸಾಯದವರು, ಡ್ರಾಕುಲಾ ನೆತ್ತರು ಕುಡಿದ ಲೂಸಿ ಸತ್ತೂ ಸಾಯದವಳು. ಬೇತಾಳ ಹಾಕಿದ್ದರೆ ಇಲ್ಲಿ ಒದ್ದಾಡುತ್ತಿದ್ದಿರಿ. 'ಸತ್ತೂ' ದೀರ್ಘ ಅಂತ ಅಚ್ಚಿನವರಿಗೆ ಹೇಳಿ. 'ಸತ್ತು' ಆದರೆ ಅರ್ಥ ಹೋಯಿತು.