ಮನೆಮಾತು ಬೇರೆ ಬೇರೆ ಇರುವ ಮಕ್ಕಳು, ಮೊಬೈಲ್ ತರಬೇತಿ: ಅನುಭವ ಹೇಳಿ

ಬಾಗೇಪಲ್ಲಿ ಕಡೆಯ ಸಿಆರ್‌ಪಿ (ಶಾಲೆಗಳ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ): ಮುಂದಿನ ತಿಂಗಳು ನಲಿ-ಕಲಿ (ಚಿಕ್ಕ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆ) ಶಿಕ್ಷಕರಿಗೆ ಮೊಬೈಲ್, ಸ್ಮಾರ್ಟ್ ಟಿವಿ ಬಳಸೋದರ ಬಗ್ಗೆ ಎರಡು ದಿನ ತರಬೇತಿ ಕೊಡಬೇಕು. ಮಕ್ಕಳ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ. ಎಲ್ಲಿಂದ ಶುರು ಮಾಡಲಿ?

ಶ್ರೀನಿವಾಸಪುರದ ಶಿಕ್ಷಕಿ: ಸರ್, ಮಕ್ಕಳ ಮಾತಿನಿಂದ ಶುರು ಮಾಡಿ, ಆ್ಯಪ್ ಆಮೇಲೆ ಬರಲಿ. ನಾನು ಹೋಗಿದ್ದ ಒಂದು ತರಬೇತಿಯಲ್ಲಿ ದಿನವಿಡೀ ಸ್ಲೈಡ್ ಓದಿದರು. ಸಂಜೆಯಾದರೂ ನಮ್ಮಲ್ಲಿ ಒಬ್ಬರೂ ಫೋನ್ ಕೈಗೆ ತಗೊಂಡಿರಲಿಲ್ಲ.

ಅದಾದ ವಾರ ಒಂದನೇ ತರಗತಿಗೆ ಟಿವಿಯಲ್ಲಿ ಹಸುವಿನ ಚಿತ್ರ ತೋರಿಸಿದೆ. ಒಬ್ಬ ಹುಡುಗಿ ‘ಆವು’ ಅಂದಳು. ನಮ್ಮ ಕಡೆ ಹಾವಿಗೂ ‘ಆವು’ ಅಂತಲೇ ಅಂತೀವಿ ಅಲ್ವಾ, ತಪ್ಪು ಅಂದುಬಿಟ್ಟೆ. ತೆಲುಗಿನಲ್ಲಿ ಆವು ಅಂದರೆ ಹಸು. ಮಗು ಸರಿಯಾಗೇ ಹೇಳಿತ್ತು. ಎರಡು ದಿನ ಅವಳು ಬಾಯಿ ಬಿಡಲಿಲ್ಲ. ನನಗೆ ಇವತ್ತಿಗೂ ಸಂಕಟವಾಗುತ್ತೆ.

ಅವಳನ್ನು ಕರ್ಕೊಂಡು ಹೋಗಲು ಬಂದ ಅಜ್ಜಿಯನ್ನೇ ಕೂರಿಸಿಕೊಂಡೆ. ಕರು, ಹುಲ್ಲು, ಹಾಲು ಕರೆಯೋದು ಎಲ್ಲಾ ತೆಲುಗಿನಲ್ಲಿ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಮರುದಿನ ಸ್ಪೀಕರ್‌ನಲ್ಲಿ ಹಾಕಿದರೆ, ‘ಮಾ ಅವ್ವ!’ (ನಮ್ಮಜ್ಜಿ!) ಅಂತ ಎದ್ದು ನಿಂತಳು. ಅಜ್ಜಿ ಹೇಳಿದ ಒಂದೊಂದು ಮಾತಿಗೂ ಕನ್ನಡದಲ್ಲಿ ಏನಂತಾರೆ ಅಂತ ತರಗತಿಯೆಲ್ಲ ಸೇರಿ ಹುಡುಕಿದೆವು.

ತರಬೇತಿಯಲ್ಲಿ ಇದನ್ನೇ ಮಾಡಿಸಿ. ಪ್ರತಿಯೊಬ್ಬರೂ ತಮ್ಮ ಫೋನಿನಲ್ಲೇ ಎರಡು ನಿಮಿಷ ರೆಕಾರ್ಡ್ ಮಾಡಿ, ಬೇಡದ್ದನ್ನು ಕತ್ತರಿಸಿ, ಟಿವಿಗೆ ಜೋಡಿಸಿ ಕೇಳಿಸಲಿ. ಲಂಬಾಣಿಗೆ ತನ್ನದೇ ಲಿಪಿ ಇಲ್ಲ, ಹಾಗಾಗಿ ಆ ಮಕ್ಕಳಿಗೆ ಧ್ವನಿಯೇ ಜಾಸ್ತಿ ಅನುಕೂಲ. ಮನೆಯವರನ್ನು ಕೇಳದೆ ಮಾತ್ರ ರೆಕಾರ್ಡ್ ಮಾಡಬೇಡಿ.

ಪಾವಗಡದ ಶಿಕ್ಷಕ: ನಮ್ಮದೂ ತೆಲುಗು ಮಾತಾಡುವ ಊರು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಎಷ್ಟೋ ಕಥೆಗಳು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ಒಂದೇ ಚಿತ್ರ, ಎರಡು ಭಾಷೆ ಪಕ್ಕಪಕ್ಕ ಇಟ್ಟು ಓದಿಸುತ್ತೇನೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ ತೆರೆಯೋದನ್ನೂ ಕಲಿಸಿ. ಆದರೆ ಹಿಂದಿನ ಸಂಜೆಯೇ ಮನೆಯಲ್ಲಿ ಡೌನ್‌ಲೋಡ್ ಮಾಡಿಕೊಳ್ಳುವ ಅಭ್ಯಾಸ ಮೊದಲು ಮಾಡಿಸಿ. ತರಗತಿಯಲ್ಲಿ ನೆಟ್‌ವರ್ಕ್ ಹುಡುಕುತ್ತಾ ನಿಂತರೆ ಮಕ್ಕಳು ಕೈ ತಪ್ಪಿದ ಹಾಗೇ.

ಕೆಜಿಎಫ್‌ನ ಶಿಕ್ಷಕಿ: ಇಲ್ಲಿ ತಮಿಳು ಮನೆಗಳು ಜಾಸ್ತಿ. ಪೋಷಕರಿಗೆ ಅನುವಾದದ ಆ್ಯಪ್‌ನಲ್ಲಿ ಬರೆದು ಕಳಿಸುತ್ತಿದ್ದೆ, ಉತ್ತರವೇ ಬರುತ್ತಿರಲಿಲ್ಲ. ಈಗ ತಮಿಳು ಬಲ್ಲ ಒಬ್ಬ ತಾಯಿಯ ಕೈಲಿ ಹೇಳಿಸಿ ವಾಯ್ಸ್ ಮೆಸೇಜ್ ಕಳಿಸುತ್ತೇನೆ. ಹೋದ ಸಭೆಗೆ ಅಪ್ಪಂದಿರೂ ಬಂದಿದ್ದರು.