ಮುಳ್ಳಯ್ಯನಗಿರಿ ಮೇಲೆ ಆಪ್ ತೋರಿಸಿದ ಬೆಟ್ಟದ ಹೆಸರೆಲ್ಲ ಪಕ್ಕಕ್ಕೆ ಜಾರಿವೆ, ಯಾಕೆ?

ಗಿರಿ_ಹುಡುಗ:
ಕ್ಯಾಮೆರಾ ಹಿಡಿದರೆ ಎದುರಿಗಿರುವ ಬೆಟ್ಟಗಳ ಮೇಲೆ ಹೆಸರು, ಎತ್ತರ, ದೂರ ಎಲ್ಲ ತೋರಿಸುವ ಆಪ್ ಬರುತ್ತದಲ್ಲ, ಅದನ್ನು ಹಾಕಿಕೊಂಡು ಮೊನ್ನೆ ಅಪ್ಪನ ಜೊತೆ ಮುಳ್ಳಯ್ಯನಗಿರಿಗೆ ಹೋಗಿದ್ದೆ. ಮಂಜು ಪೂರ್ತಿ ಸರಿದಿತ್ತು, ಅಂಥ ದಿನ ಸಿಗೋದೇ ಅಪರೂಪ. ಆದರೆ ಹೆಸರೆಲ್ಲ ಬಲಕ್ಕೆ ಜಾರಿದ್ದವು. ‘ಕುದುರೆಮುಖ’ ಅನ್ನೋದು ಬೆಟ್ಟವೇ ಇಲ್ಲದ ಕಡೆ ನೇತಾಡುತ್ತಿತ್ತು. ಅಪ್ಪ ಇಣುಕಿ ನೋಡಿ, "ನಿನ್ನ ಫೋನು ಆಕಾಶಕ್ಕೇ ನಾಮಕರಣ ಮಾಡಿದೆ ಕಣೋ" ಅಂತ ನಕ್ಕರು. ಆಫ್ ಮಾಡಿ ಆನ್ ಮಾಡಿದರೂ ಅಷ್ಟೇ. ಮ್ಯಾಪಿನಲ್ಲಿ ನೀಲಿ ಚುಕ್ಕೆ ಸರಿಯಾಗಿ ದೇವಸ್ಥಾನದ ಹತ್ತಿರವೇ ಇತ್ತು. ಆ ಬೆಟ್ಟದಲ್ಲಿ ಕಬ್ಬಿಣದ ಅದಿರು ಇರೋದಕ್ಕೆ ಹೀಗಾಗುತ್ತದಾ?

ಚಾರಣದ_ಚಟ:
ಎಲ್ಲ ಹೆಸರೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಜಾರಿದ್ದರೆ ಅದು ಕಂಪಾಸಿನ ತೊಂದರೆ. ಜಿಪಿಎಸ್ ತಪ್ಪಿದ್ದರೆ ಬೇರೆ ಥರ ಕಾಣುತ್ತದೆ: ಹತ್ತಿರದ ಗುಡ್ಡದ ಹೆಸರು ಎಲ್ಲೋ ಹೋಗಿರುತ್ತದೆ, ದೂರದ್ದು ಹೆಚ್ಚುಕಡಿಮೆ ಜಾಗದಲ್ಲೇ ಇರುತ್ತದೆ. ನೀವು ನಿಂತಿರುವ ಜಾಗ ಜಿಪಿಎಸ್‌ಗೆ ಗೊತ್ತು, ಆದರೆ ಸುಮ್ನೆ ನಿಂತಾಗ ಯಾವ ಕಡೆ ಮುಖ ಮಾಡಿದ್ದೀರಿ ಅಂತ ಹೇಳೋದು ಫೋನಿನೊಳಗಿನ ಮ್ಯಾಗ್ನೆಟೋಮೀಟರ್, ಅಂದರೆ ಭೂಮಿಯ ಅಯಸ್ಕಾಂತ ಕ್ಷೇತ್ರ ಅಳೆದು ದಿಕ್ಕು ಹೇಳುವ ಸೆನ್ಸರ್. ಅಲ್ಲಿಂದ ಕುದುರೆಮುಖ ನೇರ ಲೆಕ್ಕದಲ್ಲೇ 50 ಕಿಲೋಮೀಟರಿಗಿಂತ ಜಾಸ್ತಿ. ಒಂದೇ ಒಂದು ಡಿಗ್ರಿ ತಪ್ಪಿದರೂ ಹೆಸರು ಸುಮಾರು ಒಂದು ಕಿಲೋಮೀಟರ್ ಆಚೆ ಬೀಳುತ್ತದೆ.

ಫ್ಲಿಪ್ ಕವರ್ ಇದೆಯಾ? ಮುಚ್ಚಳದಲ್ಲಿ ಅಯಸ್ಕಾಂತ ಇರುತ್ತದೆ. ಕವರ್ ತೆಗೆದು, ಫೋನನ್ನು ಗಾಳಿಯಲ್ಲಿ 8ರ ಆಕಾರದಲ್ಲಿ ನಾಲ್ಕೈದು ಸಲ ಆಡಿಸಿ ನೋಡಿ.

ಭದ್ರಾ_ತೀರ:
ಆ ಸಾಲಿನಲ್ಲಿ ಅದಿರು ಇರೋದು ನಿಜ, ಕೆಮ್ಮಣ್ಣುಗುಂಡಿಯಿಂದಲೇ ನಮ್ಮ ಭದ್ರಾವತಿ ಕಾರ್ಖಾನೆಗೆ ಬರುತ್ತಿತ್ತು. ಆದರೆ ಬೆಟ್ಟದ ಮೇಲೆ ಗೂಬೆ ಕೂರಿಸುವ ಮೊದಲು ನಿಮ್ಮ ಜೇಬು ನೋಡಿಕೊಳ್ಳಿ. ನಾನು ಅಯಸ್ಕಾಂತದ ಪವರ್ ಬ್ಯಾಂಕನ್ನು ಫೋನಿನ ಬೆನ್ನಿಗೆ ಅಂಟಿಸಿಕೊಂಡೇ ಅರ್ಧ ದಿನ ಆಪನ್ನು ಬೈದವನು. ಕೆಲವರು ‘ಟ್ರೂ ನಾರ್ತ್’ (ನಿಜವಾದ ಉತ್ತರ) ಸೆಟ್ಟಿಂಗ್ ಬದಲಿಸಿ ಅಂತಾರೆ, ನಮ್ಮ ಕಡೆ ಅದಕ್ಕೂ ಕಂಪಾಸ್ ಮುಳ್ಳು ತೋರಿಸುವ ಉತ್ತರಕ್ಕೂ ವ್ಯತ್ಯಾಸ ಎರಡು ಡಿಗ್ರಿಯೂ ಇಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ತುಂಬಾ ಅಗ್ಗದ ಫೋನಾದರೆ ಸೆನ್ಸರೇ ಇಲ್ಲದಿರಬಹುದು. 2016ರ ಡಿಸೆಂಬರಿನಲ್ಲಿ ಪೋಕೆಮಾನ್ ಗೋ ಆಟ ಇಲ್ಲಿಗೆ ಬಂದಾಗ ನನ್ನ ಫೋನಿಗೆ ಜೈರೋಸ್ಕೋಪ್ (ಫೋನು ತಿರುಗೋದನ್ನು ಗುರುತಿಸುವ ಸೆನ್ಸರ್) ಇರಲಿಲ್ಲ, ಎಲ್ಲರೂ ಕ್ಯಾಮೆರಾದಲ್ಲಿ ಕಾಣುವ ಪಾರ್ಕಿನ ಹುಲ್ಲಿನ ಮೇಲೆ ಪೋಕೆಮಾನ್ ಹಿಡಿದರೆ ನಂದು ಬರೀ ಬೊಂಬೆ ಚಿತ್ರದ ಮೇಲೆ.

ಮಂಜಿನ_ದಾರಿ:
ಇಷ್ಟೆಲ್ಲ ಮಾಡಿಯೂ ಸ್ವಲ್ಪ ಆಚೀಚೆ ಆದರೆ, ಗೊತ್ತಿರುವ ಒಂದು ಬೆಟ್ಟ ಹಿಡಿದುಕೊಳ್ಳಿ, ಆಪ್ ಬಿಡಿಸಿದ ಬೆಟ್ಟದ ಅಂಚಿನ ಗೆರೆಯನ್ನು ಬೆರಳಲ್ಲಿ ಎಳೆದು ಅದರ ಮೇಲೆ ಕೂರಿಸಿ. ಕೆಲವು ಆಪ್‌ಗಳಲ್ಲಿ ಆಗುತ್ತದೆ. ಆಮೇಲೆ ಉಳಿದವೂ ಸಾಲಾಗಿ ಬಂದು ಕೂರುತ್ತವೆ. ಆ ಕಡೆಯ ಡೇಟಾ ಮನೆಯಲ್ಲೇ ಇಳಿಸಿಕೊಂಡು ಹೋಗಿ, ಮೇಲೆ ನೆಟ್‌ವರ್ಕ್ ನಂಬಬೇಡಿ.

ಗಿರಿ_ಹುಡುಗ:
ಕವರೇ! ಮುಚ್ಚಳವನ್ನು ಫೋನಿನ ಹಿಂದಕ್ಕೆ ಮಡಚಿ ಹಿಡಿದಿದ್ದೆ. ನಮ್ಮ ಮನೆ ತಾರಸಿಯಿಂದಲೇ ಗಿರಿ ಕಾಣುತ್ತದೆ, ಅಲ್ಲೇ ನಿಂತು ನೋಡಿದೆ. ಮಡಚಿದರೆ ಹೆಸರು ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ, ಕವರ್ ತೆಗೆದು ಎಂಟು ಬರೆದರೆ ಸರಿಯಾಗಿ ತುದಿಯ ಮೇಲೆ, 1930 ಮೀಟರ್ ಅಂತ. ಈಗ ಅಪ್ಪನದು ಹೊಸ ತಕರಾರು. ಅವರು ಚಿಕ್ಕಂದಿನಲ್ಲಿ ದನ ಕಾಯುತ್ತಿದ್ದ ಗುಡ್ಡಕ್ಕೆ ಆಪಿನಲ್ಲಿ ಬರೀ ಎತ್ತರ ಇದೆ, ಹೆಸರಿಲ್ಲ.

ಚಾರಣದ_ಚಟ:
ಇಂಥ ಆಪ್‌ಗಳಲ್ಲಿ ಕೆಲವು, ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ನಕ್ಷೆಯಿಂದ ಹೆಸರು ತೆಗೆದುಕೊಳ್ಳುತ್ತವೆ. ಅಲ್ಲಿ ಖಾತೆ ತೆರೆದು ನೀವೇ ಸೇರಿಸಬಹುದು, ಕನ್ನಡ ಹೆಸರಿಗೆ ಬೇರೆ ಜಾಗವೇ ಇದೆ. ಆಪಿಗೆ ಬರೋದು ಸ್ವಲ್ಪ ತಡ ಆಗಬಹುದು.

ಗಿರಿ_ಹುಡುಗ:
ಸೇರಿಸೋಣ ಅಂತ ಕೂತೆ. ಅಪ್ಪ ಒಂದು ಹೆಸರು ಹೇಳುತ್ತಾರೆ, ಚಿಕ್ಕಪ್ಪ ಫೋನಿನಲ್ಲಿ ಇನ್ನೊಂದು ಹೇಳುತ್ತಾರೆ. ಇಬ್ಬರೂ ಒಪ್ಪಿದ ಮೇಲೆ ಹಾಕುತ್ತೇನೆ.